ಎರಡು ನಿಮಿಷ ಮಾತಾಡಮ್ಮ

ಇಂಗ್ಲಿಷ್ ಪಾಠ ಹೇಳುವವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ನಾವು ಹಾಜರಿ ಪುಸ್ತಕ ಬಿಚ್ಚುವಷ್ಟರಲ್ಲಿ ಅದೇ ಬಂದು ಮುಂದಿನ ಬೆಂಚಿನಲ್ಲಿ ಕೂತಿರುತ್ತದೆ.

ನಾನು ಕುಶಾಲನಗರದ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. ತವರು ಶನಿವಾರಸಂತೆ ಕಡೆ. ಬಾಯಿ ಸ್ವಲ್ಪ ಜೋರು. ಅದು ನಮ್ಮ ಕಡೆಯ ಗುಣವೋ ನನ್ನೊಬ್ಬಳದೋ ಅಂತ ನಮ್ಮ ಮನೆಯವರು ಇನ್ನೂ ತೀರ್ಮಾನ ಮಾಡಿಲ್ಲ. ನನ್ನ ಕ್ಲಾಸಿನಲ್ಲಿ ಕೊಡವ ತಕ್ಕು, ಅರೆಭಾಷೆ, ಮಲಯಾಳಂ, ತುಳು, ತಮಿಳು, ಉರ್ದು ಎಲ್ಲ ಉಂಟು. ಗುಟ್ಟಿನ ಮಾತೆಲ್ಲ ಅವರವರ ಭಾಷೆಯಲ್ಲಿ, ಜಗಳ ಮಾತ್ರ ಎಲ್ಲರಿಗೂ ತಿಳಿಯಲಿ ಅಂತ ಕನ್ನಡದಲ್ಲಿ. ಇಂಗ್ಲಿಷ್ ನನ್ನ ಪೀರಿಯಡ್ಡಿನಲ್ಲಿ ಮಾತ್ರ, ಅದೂ ನಾನೊಬ್ಬಳೇ.

ಹೀಗೆ ಎಲ್ಲರೂ ಸುಖವಾಗಿದ್ದಾಗ ವಿಶ್ವವಿದ್ಯಾಲಯದವರಿಗೆ ಒಂದು ಯೋಚನೆ ಬಂತು. ಕೊನೆಯ ವರ್ಷದವರೆಲ್ಲ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆ ಕೊಡಬೇಕು. ಕೇಳೋದು, ಓದೋದು, ಬರೆಯೋದು, ಮಾತಾಡೋದು, ನಾಲ್ಕಕ್ಕೂ ಬೇರೆ ಬೇರೆ ಮಾರ್ಕ್ಸು. ಮಾತಾಡೋ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬರ್ತಾರೆ, ಅವರ ಎದುರು ಕೂತು ಎರಡು ನಿಮಿಷ ನಿಲ್ಲಿಸದೆ ಮಾತಾಡಬೇಕು. ನಾಲ್ಕರಲ್ಲೂ ಪಾಸಾದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಬಾ.

ಆ ಮೊದಲನೇ ಬ್ಯಾಚಿನಲ್ಲಿ ಹುದಿಕೇರಿ ಕಡೆಯ ಒಬ್ಬ ಹುಡುಗಿ ಇದ್ದಳು. ನಮ್ಮ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು, ಕಾಲೇಜಿನ ಹಾಕಿ ಟೀಮಿಗೆ ಗೋಲ್‌ಕೀಪರ್. ಹಾಕಿ ಕೋಚ್ ಆಗಬೇಕು ಅಂತ ಅವಳ ಹಟ. ಕೋಚುಗಳನ್ನು ತಯಾರು ಮಾಡುವ ಒಂದು ಡಿಪ್ಲೊಮಾಕ್ಕೆ ಆಟದ ಮೇಲೆ ಸೀಟೂ ಸಿಕ್ಕಿತ್ತು. ಒಂದೇ ಷರತ್ತು, ಈ ಇಂಗ್ಲಿಷ್ ಸರ್ಟಿಫಿಕೇಟು ತರಬೇಕು. ಓದೋದು, ಬರೆಯೋದು, ಕೇಳೋದು ಅವಳಿಗೆ ನೀರು ಕುಡಿದ ಹಾಗೆ. ಮಾತಾಡು ಅಂದರೆ ಮಾತ್ರ ಬಾಯಿಗೆ ಬೀಗ. ಮುಂದೆ ನಾನು ಹೇಳುವ ಪ್ರಸಂಗಗಳೆಲ್ಲ ಆ ವರ್ಷ ನಡೆದವು. ನಗ್ತಾ ಇದ್ದೆ ನಿಜ, ಒಳಗೊಳಗೆ ಈ ಹುಡುಗಿಯ ಸೀಟು ಹೋಗುತ್ತಲ್ಲ ಅಂತ ಕೊರೀತಾನೇ ಇತ್ತು.

ಆನೆ ಎಷ್ಟು, ಗೇಟು ಯಾವುದು

ಪರೀಕ್ಷೆ ಬರುವ ಮೊದಲು ನಾನು ಕವಿತೆ ಪಾಠ ಮಾಡುತ್ತಿದ್ದೆ. ಚೆನ್ನಾಗಿಯೇ ಮಾಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಆ ವರ್ಷ ಒಂದು ನದಿಯ ಕವಿತೆ ತೆಗೆದುಕೊಂಡು ಅರ್ಧ ಮುಳುಗಿದ್ದೆ, ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿದ.

"ಮ್ಯಾಮ್, ಇದು ಟೆಸ್ಟಿಗೆ ಬರ್ತದಾ?"

"ಬರಲ್ಲ ಕಣಪ್ಪ."

ಕ್ಲಾಸಿನ ತುಂಬ ಪೆನ್ನಿನ ಕ್ಯಾಪು ಮುಚ್ಚುವ ಸದ್ದು ಟಕಟಕ ಅಂತ ಕೇಳಿಸಿತು. ನನಗೆ ಹೊಟ್ಟೆ ಉರೀತು. ಆದರೆ ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ಅನ್ನಿಸಿಕೊಳ್ಳೋದು ಯಾಕೆ? ಕವಿತೆ ಮಡಚಿಟ್ಟು ಸ್ಪೀಕರ್ ಡಬ್ಬ ತಂದೆ. ದಿನಾ ಬೆಳಗ್ಗೆ ಕೇಳುವ ಅಭ್ಯಾಸ ಶುರುವಾಯ್ತು. ಯಾರೋ ಇಂಗ್ಲಿಷಿನವರು ರೈಲು ನಿಲ್ದಾಣದಲ್ಲಿ ಕೂಗ್ತಾರೆ, ಇವರು ಯಾವ ರೈಲು, ಯಾವ ಪ್ಲಾಟ್‌ಫಾರ್ಮು, ಎಷ್ಟು ಗಂಟೆ ಅಂತ ಬರಕೊಳ್ಳಬೇಕು. ಒಂದು ರೈಲೂ ಇಲ್ಲದ ಜಿಲ್ಲೆಯ ಮಕ್ಕಳು ಕಂಡು ಕೇಳದ ಊರಿನ ರೈಲು ಹಿಡಿಯೋದರಲ್ಲಿ ಪಳಗಿಬಿಟ್ಟರು.

ಒಂದು ದಿನ ಮಧ್ಯಾಹ್ನ ಕಾಲೇಜಿನ ಮೈಕು ಗರಗರ ಅಂದಿತು. ಪ್ರಿನ್ಸಿಪಾಲರ ದನಿ. ಅವರೂ ಆಗ ಇಂಗ್ಲಿಷಿನ ಉತ್ಸಾಹದಲ್ಲಿದ್ದರು, ಇಂಗ್ಲಿಷಲ್ಲೇ ಹೇಳಿದರು. ಹಿಂದಿನ ಗೇಟಿನ ಹತ್ತಿರ ಎರಡು ಆನೆ ಬಂದಿವೆ, ಅರಣ್ಯ ಇಲಾಖೆಯವರಿಗೆ ತಿಳಿಸಿದ್ದೇವೆ, ಸಂಜೆ ಎಲ್ಲರೂ ಮುಂದಿನ ಗೇಟಿನಿಂದಲೇ ಹೋಗಬೇಕು. ನಾನು ಸ್ಟಾಫ್ ರೂಮಿನಿಂದ ಓಡಿಬಂದು ಕ್ಲಾಸಿನೊಳಗೆ ಇಣುಕಿದೆ. ಒಬ್ಬರೂ ಗಾಬರಿಯಾಗಿಲ್ಲ. ಎಲ್ಲ ತಲೆ ತಗ್ಗಿಸಿ ಬರೀತಿದ್ದಾರೆ.

ಎಂಥ ಧೈರ್ಯದ ಮಕ್ಕಳು ಅಂತ ಹೆಮ್ಮೆಯಾಯ್ತು. ಗಂಟೆ ಹೊಡೆಯಿತು, ಎಲ್ಲ ಎದ್ದು ಚೀಲ ಹಾಕಿಕೊಂಡು ನೇರ ಹಿಂದಿನ ಗೇಟಿನ ಕಡೆ ಹೊರಟರು. ನಾನು, ಅಟೆಂಡರ್, ಇಬ್ಬರೂ ಅಡ್ಡ ನಿಂತು ಕೈ ಚಾಚಿ ತಡೆದೆವು. "ಮೈಕಲ್ಲಿ ಹೇಳಿದ್ದು ಕೇಳಲಿಲ್ವಾ?" ಅಂತ ಗದರಿಸಿದೆ.

"ಕೇಳಿದ್ವಿ ಮ್ಯಾಮ್" ಅಂದ ಮುಂದಿದ್ದವನು, ಪುಸ್ತಕ ಬಿಚ್ಚಿ ತೋರಿಸಿದ. ಆನೆ: ಎರಡು. ಗೇಟು: ಹಿಂದಿನದು. ತಿಳಿಸಿದ್ದು ಯಾರಿಗೆ: ಅರಣ್ಯ ಇಲಾಖೆ. "ಎಲ್ಲ ಸರಿ ಉಂಟಾ ಮ್ಯಾಮ್? ಕೊನೇದು ಸರಿ ಕೇಳಿಸಲಿಲ್ಲ, ಇನ್ನೊಂದ್ಸಲ ಹಾಕ್ತೀರಾ?"

ಸತ್ತ ಅಜ್ಜಿ ಫೋನ್ ಎತ್ತಿದರು

ಬಜಾರಿನಲ್ಲಿ ಒಂದು ಟ್ಯೂಶನ್ ಶುರುವಾಯ್ತು. ಅಲ್ಲಿ ಇಂಗ್ಲಿಷ್ ಕಲಿಸುತ್ತಿರಲಿಲ್ಲ, ಉತ್ತರ ಕಲಿಸುತ್ತಿದ್ದರು. ಒಂದೇ ಉತ್ತರ, ಅಜ್ಜಿ. ನಿನಗೆ ಇಷ್ಟವಾದ ವ್ಯಕ್ತಿ ಯಾರು ಅಂದರೆ ಅಜ್ಜಿ. ಇಷ್ಟವಾದ ಜಾಗ ಅಂದರೆ ಅಜ್ಜಿಯ ಮನೆ. ಇಷ್ಟವಾದ ಊಟ, ಅಜ್ಜಿ ಮಾಡಿದ್ದು. ಮೊಬೈಲಿನ ಬಗ್ಗೆ ಹೇಳು ಅಂದರೆ, ಅಜ್ಜಿಗೆ ಫೋನ್ ಮಾಡುವುದಕ್ಕೆ ಬಳಸುತ್ತೇನೆ. ಪರಿಸರ ಮಾಲಿನ್ಯ ಅಂದರೆ, ಅಜ್ಜಿಯ ಕಾಲದಲ್ಲಿ ಇರಲಿಲ್ಲ. ಇಡೀ ಕ್ಲಾಸಿಗೆ ಒಂದೇ ಅಜ್ಜಿ, ಕನ್ನಡಕ, ಬಿಳಿ ಕೂದಲು, ರಾತ್ರಿ ಕತೆ ಹೇಳೋದು ಎಲ್ಲ ಅವೇ. ಮಲಯಾಳಂ ಮನೆಯ ಅಜ್ಜಿಗೂ ಅರೆಭಾಷೆ ಮನೆಯ ಅಜ್ಜಿಗೂ ಒಂದು ಕೂದಲಿನ ವ್ಯತ್ಯಾಸ ಇರಲಿಲ್ಲ.

ಭಾಗಮಂಡಲದ ಕಡೆಯ ಒಬ್ಬ ಹುಡುಗ ಮಾತ್ರ ನಾನು ಅಭ್ಯಾಸಕ್ಕೆ ಕೊಟ್ಟ ಪ್ರಬಂಧದಲ್ಲಿ ಬೇರೆ ಥರ ಬರೆದ. ಅಜ್ಜಿ ಕಾಯಿಲೆ ಬಿದ್ದದ್ದು, ಇವನು ಕೈ ಹಿಡಿದು ಕೂತದ್ದು, ಕೊನೆಗೆ ಹೋದ ತಿಂಗಳು ತೀರಿಕೊಂಡದ್ದು. ಓದಿ ನನ್ನ ಕಣ್ಣಲ್ಲಿ ನೀರು ಬಂತು. ಅವನು ಎರಡು ದಿನದಿಂದ ಕ್ಲಾಸಿಗೂ ಬಂದಿರಲಿಲ್ಲ. ಪಾಪ, ಒಂದು ಮಾತು ಸಮಾಧಾನ ಹೇಳೋಣ ಅಂತ ಅವರ ಮನೆಗೆ ಫೋನ್ ಮಾಡಿದೆ. ಹೆಂಗಸೊಬ್ಬರು ಎತ್ತಿದರು.

"ನಾನು ಕಾಲೇಜಿನ ಇಂಗ್ಲಿಷ್ ಮೇಡಂ. ಅಜ್ಜಿಯವರ ವಿಷಯ ಈಗ ಗೊತ್ತಾಯ್ತು, ತುಂಬ ಬೇಜಾರಾಯ್ತಮ್ಮ" ಅಂದೆ.

"ಯಾವ ಅಜ್ಜಿದು?"

"ನಿಮ್ಮ ಹುಡುಗನ ಅಜ್ಜಿ."

"ಅದು ನಾನೇ ಅಲ್ವಾ" ಅಂದರು. "ಎಂತ ಆಗಿದೆ ನಂಗೆ?"

ಏನು ಹೇಳಲಿ? ಇದ್ದದ್ದು ಇದ್ದ ಹಾಗೆ ಹೇಳಿದೆ. ಹೀಗೀಗೆ, ಪರೀಕ್ಷೆಗೆ ಅಂತ ಬರೆದಿದ್ದಾನೆ, ತಪ್ಪು ತಿಳಿಯಬೇಡಿ. ಅಜ್ಜಿ ಎಲ್ಲ ಕೇಳಿಸಿಕೊಂಡರು.

"ಎಷ್ಟು ಮಾರ್ಕ್ಸು ಕೊಟ್ರಿ?"

"ಹತ್ತಕ್ಕೆ ಎಂಟು."

"ಇಷ್ಟೆಲ್ಲ ಸತ್ತೂ ಎಂಟೇನಾ?" ಅಂದರು ಅಜ್ಜಿ.

ಬುಧವಾರದ ಬೈಗುಳ

ಮಕ್ಕಳು ಮಾತಾಡೋದು ಸುಧಾರಿಸಲಿ ಅಂತ ಪ್ರಿನ್ಸಿಪಾಲರು ಒಂದು ನಿಯಮ ತಂದರು. ಬುಧವಾರ ಕಾಲೇಜಿನ ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಮಕ್ಕಳಿಗೆ ಮಾತ್ರವಲ್ಲ, ಮೇಷ್ಟ್ರುಗಳಿಗೂ, ಅಟೆಂಡರಿಗೂ, ತಮಗೂ.

ಮೊದಲ ಬುಧವಾರ ಕಾಲೇಜು ಮೌನವ್ರತ ಹಿಡಿದ ಹಾಗಿತ್ತು. ಕ್ಯಾಂಟೀನು ನಡೆಸುವ ಅಕ್ಕ, ನಮಗೆಲ್ಲ ಚೇಚಿ, ಕಣ್ಣೂರಿನವರು, ಇಲ್ಲಿಗೆ ಬಂದ ಮೇಲೆ ಕನ್ನಡ, ಕೊಡವ ತಕ್ಕು ಎಲ್ಲ ಕಲಿತವರು. ಆವತ್ತು ಒಬ್ಬರೂ ಬಾಯಿ ಬಿಡುತ್ತಿಲ್ಲ, ಬೆರಳು ತೋರಿಸಿ ನಿಲ್ಲುತ್ತಿದ್ದಾರೆ. ಚೇಚಿ ಕೇಳಿ ಕೇಳಿ ಸಾಕಾಗಿ ಎಲ್ಲರಿಗೂ ಒಂದೊಂದು ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ಕೈಗಿಟ್ಟು ಕಳಿಸಿದರು. ನಮ್ಮ ಇತಿಹಾಸದ ಮೇಷ್ಟ್ರಿಗಂತೂ ಸ್ವರ್ಗ. ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ನಿಶ್ಶಬ್ದದ ಕ್ಲಾಸು ಕಂಡಿರಲಿಲ್ಲವಂತೆ. ಗುರುವಾರವನ್ನೂ ಬುಧವಾರ ಮಾಡಿ ಅಂತ ಅರ್ಜಿ ಕೊಡುವುದಕ್ಕೆ ಹೊರಟಿದ್ದರು.

ಮೂರನೆಯದೋ ನಾಲ್ಕನೆಯದೋ ಬುಧವಾರ ಇಬ್ಬರು ಹುಡುಗರು ಕಾರಿಡಾರಿನಲ್ಲಿ ಕೈ ಕೈ ಮಿಲಾಯಿಸಿದರು. ಬಾಯಿಜಗಳ ಆಡೋ ಹಾಗಿಲ್ಲವಲ್ಲ, ಇನ್ನೇನು ಮಾಡ್ತಾರೆ? ಪ್ರಿನ್ಸಿಪಾಲರು ಕೆಂಡವಾಗಿ ಬಂದರು. ಅವರು ಬೈದರೆ ಗೋಡೆಯ ಸುಣ್ಣ ಉದುರುತ್ತೆ ಅಂತ ಖ್ಯಾತಿ. ಇಬ್ಬರೂ ತಲೆ ತಗ್ಗಿಸಿ ನಿಂತರು. ನಾವೆಲ್ಲ ಬಾಗಿಲಲ್ಲಿ ಸೇರಿದೆವು.

"ಯೂ..." ಅಂದರು. ಮುಂದೆ ಬರಲಿಲ್ಲ. "ಯೂ ಬೋತ್..." ಅಂದರು. ಮುಖ ಕೆಂಪಾಯ್ತು, ಕತ್ತಿನ ನರ ಉಬ್ಬಿತು. ಎದೆಯಲ್ಲಿ ಬೈಗುಳ ಬೆಟ್ಟದಷ್ಟು ಉಂಟು, ಬಾಗಿಲು ಮಾತ್ರ ಇಲ್ಲ. ಒಂದು ಸಲ ನನ್ನ ಕಡೆ ನೋಡಿದರು, ನಾನು ಕಿಟಕಿಯ ಕಡೆ ನೋಡಿದೆ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು ಬಹಳ ಶಾಂತವಾಗಿ ಇಂಗ್ಲಿಷಲ್ಲಿ ಹೇಳಿದರು: "ಇಬ್ಬರೂ ನಾಳೆ ಬನ್ನಿ. ನಾಳೆ ಗುರುವಾರ."

ಸಾರಿನ ಬಗ್ಗೆ ಅಭಿಪ್ರಾಯ

ಈ ಪರೀಕ್ಷೆ ನನ್ನ ಅಡುಗೆಮನೆಗೂ ಬಂತು. ಅದರಲ್ಲಿ ಬರೀ ಅಭಿಪ್ರಾಯ ಹೇಳಿದರೆ ಮಾರ್ಕ್ಸಿಲ್ಲ. ಅಭಿಪ್ರಾಯ ಹೇಳಬೇಕು, ಕಾರಣ ಕೊಡಬೇಕು, ಉದಾಹರಣೆ ಕೊಡಬೇಕು. ದಿನಾ ಇದನ್ನೇ ಹೇಳಿ ಹೇಳಿ ನನ್ನ ಬಾಯಿಗೆ ಅಂಟಿಕೊಂಡುಬಿಟ್ಟಿತ್ತು.

ನನ್ನ ತಂಗಿ ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದಿದ್ದಳು. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು, "ಸಾರು ಚೆನ್ನಾಗಿದೆ" ಅಂದರು. ಅಪರೂಪದ ಮಾತು. ಬಿಡಬೇಕಾಗಿತ್ತು ನಾನು. ಬಿಡಲಿಲ್ಲ.

"ಚೆನ್ನಾಗಿದೆ ಅಂದ್ರೆ ಸಾಕಾಗಲ್ಲ ಕಣ್ರೀ. ಕಾರಣ?"

"ಇವತ್ತು ನಿನ್ನ ತಂಗಿ ಮಾಡಿದ್ದು."

"ಉದಾಹರಣೆ?"

"ನಿನ್ನೇದು."

ಗೋಲಿನ ಹಿಂದೆ

ಈಗ ಆ ಹುಡುಗಿಯ ವಿಷಯಕ್ಕೆ ಬರ್ತೀನಿ. ಪರೀಕ್ಷೆ ಹತ್ತಿರ ಬಂದ ಹಾಗೆ ಪ್ರತಿಯೊಬ್ಬರನ್ನೂ ಎದುರು ಕೂರಿಸಿಕೊಂಡು ಮಾತಿನ ಅಭ್ಯಾಸ ಮಾಡಿಸುತ್ತಿದ್ದೆ. ಬೇರೆಯವರು ಅಜ್ಜಿಯನ್ನು ಹಿಡಿದುಕೊಂಡಾದರೂ ದಡ ಸೇರುತ್ತಿದ್ದರು. ಇವಳಿಗೆ ಅದೂ ಇಲ್ಲ.

"ನಿನ್ನ ಊರಿನ ಬಗ್ಗೆ ಹೇಳು."

"ಹುದಿಕೇರಿ, ಮ್ಯಾಮ್."

"ಹ್ಞೂ, ಹುದಿಕೇರಿ ಹೇಗಿದೆ?"

"ನೈಸ್ ಪ್ಲೇಸ್, ಮ್ಯಾಮ್."

ಅಷ್ಟೇ. ಆಮೇಲೆ ಫ್ಯಾನು ತಿರುಗುವ ಸದ್ದು. "ಎರಡು ನಿಮಿಷ ಮಾತಾಡಮ್ಮ, ನಿನ್ನ ದಮ್ಮಯ್ಯ" ಅಂತ ಬೇಡಿಕೊಂಡೆ. ತಲೆ ತಗ್ಗಿಸಿ ಕೂತಳು. ಬೈದೆ, ಮುದ್ದು ಮಾಡಿದೆ, ಚಾಕೊಲೇಟು ಕೊಟ್ಟೆ. ಚಾಕೊಲೇಟು ತಿಂದು ಥ್ಯಾಂಕ್ಯೂ ಅಂದಳು. ಅದನ್ನು ಸೇರಿಸಿದರೂ ಎರಡು ನಿಮಿಷ ಆಗಲಿಲ್ಲ.

ಒಂದು ಸಂಜೆ ಮೈದಾನದ ಪಕ್ಕ ಹೋಗುತ್ತಿದ್ದೆ. ಅಭ್ಯಾಸದ ಪಂದ್ಯ ನಡೆಯುತ್ತಿತ್ತು. ಯಾರೋ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ನೋಡಿದರೆ ಇವಳೇ. ಹೆಲ್ಮೆಟ್ಟು, ಪ್ಯಾಡು ಕಟ್ಟಿಕೊಂಡು ಗೋಲಿನಲ್ಲಿ ನಿಂತು ಇಡೀ ಟೀಮನ್ನು ಕುಣಿಸುತ್ತಿದ್ದಾಳೆ. ಒಬ್ಬಳಿಗೆ ಕೊಡವ ತಕ್ಕಿನಲ್ಲಿ, ಇನ್ನೊಬ್ಬಳಿಗೆ ಮಲಯಾಳದಲ್ಲಿ, ಎಡಗಡೆಯವಳಿಗೆ ಕನ್ನಡದಲ್ಲಿ, ನಡುನಡುವೆ ಇಂಗ್ಲಿಷು ಧಾರಾಳ. ನಾನು ಗೋಲಿನ ಹಿಂದೆ ಹೋಗಿ ನಿಂತೆ. ಬಿಡುವಿನಲ್ಲಿ ಹೆಲ್ಮೆಟ್ಟು ತೆಗೆದಾಗ ನನ್ನನ್ನು ನೋಡಿ ಕಳ್ಳಿ ಸಿಕ್ಕಿಬಿದ್ದ ಹಾಗೆ ನಿಂತಳು.

"ಇದೇ ಬಾಯಿ ಅಲ್ವೇನೆ ಕ್ಲಾಸಿಗೆ ಬರೋದು?" ಅಂದೆ.

"ಇದು ಬೇರೆ ಮ್ಯಾಮ್." ಮಣ್ಣು ಕೆದಕುತ್ತಾ ಹೇಳಿದಳು. "ಮನೆಗೆ ದೊಡ್ಡವರು ಬಂದ್ರೆ ಕಾಲು ಮುಟ್ಟೋದು, ಕೇಳಿದ್ದಕ್ಕೆ ಒಂದು ಮಾತಲ್ಲಿ ಹೇಳೋದು, ಒಳಗೆ ಹೋಗೋದು. ಅವರೆದುರು ಕೂತು ನನ್ನ ಊರು, ನನ್ನ ಇಷ್ಟ ಅಂತ ಎರಡು ನಿಮಿಷ ಹೇಳಿದ್ರೆ, ಎಂತ ಹುಡುಗಿ ಬೆಳೆಸಿದ್ದಾರೆ ಅಂತ ಕೇಳೋದಿಲ್ವಾ?"

ಅದು ಸರಿಯೇ. ನಾಲ್ಕು ತಲೆಮಾರಿನ ಶಿಸ್ತನ್ನು ನಾನು ಒಂದು ಚಾಕೊಲೇಟಿನಲ್ಲಿ ಬಿಡಿಸಲಿಕ್ಕೆ ಹೊರಟಿದ್ದೆ. "ನೋಡು, ಎಂತದೂ ತೋಚದಿದ್ರೆ ತಿರುಗಿ ಅವರನ್ನೇ ಒಂದು ಪ್ರಶ್ನೆ ಕೇಳು. ಅವರು ಉತ್ತರ ಹೇಳೋವಾಗ ನಿನಗೆ ಉಸಿರು ಬರುತ್ತೆ. ಮನೆಗೆ ಬಂದವರನ್ನ ಏನೂ ಕೇಳೋದೇ ಇಲ್ವಾ ನೀವು?"

"ಒಂದು ಕೇಳೋದುಂಟು ಮ್ಯಾಮ್. ಯಾವ ಮನೆಯವರು ಅಂತ."

ಕೊಡವರಲ್ಲಿ ಮನೆಯ ಹೆಸರೇ ಮನುಷ್ಯನ ಹೆಸರಿನ ಮುಂದಿರೋದು. ಅದೊಂದು ಗೊತ್ತಾದರೆ ಊರು, ನೆಂಟರು, ಹಳೆಯ ಜಗಳ ಎಲ್ಲ ಗೊತ್ತಾದ ಹಾಗೆ. "ಹಾಗಾದ್ರೆ ಅದನ್ನೇ ಕೇಳು" ಅಂದೆ. ಬಾಯಿಗೆ ಬಂದದ್ದು ಹೇಳಿದೆ ಅಷ್ಟೇ, ಯೋಚನೆ ಮಾಡಿ ಹೇಳಿದ್ದಲ್ಲ.

ಇನ್ನು ಎರಡೇ ನಿಮಿಷ ಆಟ ಅಂತ ದೈಹಿಕ ಶಿಕ್ಷಣದ ಮೇಷ್ಟ್ರು ಸೀಟಿ ಊದಿದರು. ಅವಳು ಹೆಲ್ಮೆಟ್ಟು ಹಾಕಿಕೊಂಡು ಓಡಿದಳು. ಆ ಎರಡು ನಿಮಿಷ ಒಂದು ಉಸಿರಿಗೂ ಬಾಯಿ ನಿಲ್ಲಿಸಲಿಲ್ಲ. ನಾನು ವಾಚು ನೋಡಿಕೊಂಡೇ ನಿಂತಿದ್ದೆ.

ಪರೀಕ್ಷೆಯ ದಿನ

ಪರೀಕ್ಷಕರು ಮೈಸೂರಿನಿಂದ ಬಂದಿದ್ದರು. ನಲವತ್ತು ದಾಟಿದ ವಯಸ್ಸು, ದಪ್ಪ ಮೀಸೆ, ನಗುವುದು ಪಠ್ಯದಲ್ಲಿಲ್ಲ ಅನ್ನುವ ಮುಖ. ಲೈಬ್ರರಿಯ ಪಕ್ಕದ ಕೋಣೆಯಲ್ಲಿ ಕೂರಿಸಿದೆವು. ಎಲ್ಲ ರೆಕಾರ್ಡ್ ಆಗುತ್ತೆ, ಮಾರ್ಕ್ಸು ಹಾಕುವುದು ಇವರು, ಅದನ್ನು ವಿಶ್ವವಿದ್ಯಾಲಯದಲ್ಲಿ ಇನ್ನೊಬ್ಬರು ಕೇಳಿ ಸರಿ ನೋಡುತ್ತಾರೆ. ನನ್ನ ಕೆಲಸ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಎರಡು ನಿಮಿಷವಾದ ಕೂಡಲೇ ಬಾಗಿಲು ತಟ್ಟುವುದು. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಮಾತೆಲ್ಲ ಕೇಳುತ್ತಿತ್ತು. ಬೆಳಗ್ಗೆಯಿಂದ ಒಂದೇ ಅಜ್ಜಿಯ ಕತೆ ಕೇಳಿ ಕೇಳಿ ಅವರ ದನಿಯಲ್ಲಿ ಜೀವವೇ ಉಳಿದಿರಲಿಲ್ಲ.

ಕೊನೆಗೆ ಇವಳ ಸರದಿ. ಅಂಗೈ ಚೂಡಿದಾರಕ್ಕೆ ಒರೆಸಿಕೊಂಡು ಒಳಗೆ ಹೋದಳು. ಸ್ವಂತ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ.

ಯಾವ ಊರು ಅಂತ ಅವರು ಇಂಗ್ಲಿಷಲ್ಲಿ ಕೇಳಿದರು.

"ಹುದಿಕೇರಿ, ಸರ್."

ಅದರ ಬಗ್ಗೆ ಹೇಳು ಅಂದರು.

"ನೈಸ್ ಪ್ಲೇಸ್, ಸರ್."

ಆಮೇಲೆ ಅದೇ ಫ್ಯಾನಿನ ಸದ್ದು. ಮುಗೀತು, ಸೀಟು ಹೋಯ್ತು ಅಂತ ನಾನು ಕಣ್ಣು ಮುಚ್ಚಿಕೊಂಡೆ. ಆಗ ಅವಳ ದನಿ, ಸಣ್ಣಗೆ: "ಸರ್, ವಿಚ್ ಹೌಸ್ ಆರ್ ಯೂ?"

ಪ್ರಶ್ನೆ ಕೇಳೋದು ನನ್ನ ಕೆಲಸ ಅಂತ ಅವರು ಗದರಬೇಕಾಗಿತ್ತು. ಆದರೆ ಅವರ ಕುರ್ಚಿ ಕಿರ್ ಅಂದಿತು. ಮೈಸೂರಲ್ಲಿ ಎಷ್ಟು ವರ್ಷ ಇದ್ದರೇನು, ಮನುಷ್ಯ ದಕ್ಷಿಣ ಕೊಡಗಿನವರೇ. ಯಾವ ಮನೆ ಅಂತ ಕೇಳಿದ ಮೇಲೆ ಕೊಡವರಿಗೆ ಬಾಯಿ ಕಟ್ಟಿಕೊಂಡು ಕೂರಲಿಕ್ಕಾಗುತ್ತಾ? ಹೇಳಿಬಿಟ್ಟರು. ಆ ಮನೆಯ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಇವಳ ಮನೆಯದೂ ಬರೆಯುವುದಿಲ್ಲ. ಆ ಎರಡು ಮನೆಗಳ ವ್ಯಾಜ್ಯ ಇನ್ನೂ ಮುಗಿದಿಲ್ಲ.

ನಿಮಗೆ ಗೊತ್ತಿರಬಹುದು, ಇಲ್ಲಿ ಕೊಡವ ಮನೆತನಗಳ ನಡುವೆ ಹಾಕಿ ಪಂದ್ಯ ನಡೆಯುತ್ತೆ. ಒಂದೊಂದು ಮನೆತನದ್ದು ಒಂದೊಂದು ಟೀಮು. ಶಾಲೆಗೆ ಹೋಗುವ ಹುಡುಗಿಯಿಂದ ಹಿಡಿದು ರಿಟೈರಾದವರ ತನಕ ಎಲ್ಲ ಒಂದೇ ಟೀಮಿನಲ್ಲಿ ಆಡಬಹುದು. ಹೊರಗೆ ಕೆಲಸದಲ್ಲಿರುವವರು ರಜೆ ಹಾಕಿ ಬರುತ್ತಾರೆ.

ಮನೆಯ ಹೆಸರು ಕೇಳಿದ್ದೇ ತಡ, ಒಳಗೆ ಹುಡುಗಿಯ ದನಿ ಒಂದು ಮೆಟ್ಟಿಲು ಏರಿತು. ಮಾತೆಲ್ಲ ಇಂಗ್ಲಿಷಲ್ಲೇ. "ಸರ್, ಹೋದ ವರ್ಷ ಹಾಕಿಯಲ್ಲಿ ನಿಮ್ಮ ಮನೆಯವರನ್ನ ನಾವು ಸೋಲಿಸಿದ್ವಿ."

"ನೀವು ಸೋಲಿಸಲಿಲ್ಲ" ಅಂದರು ಅವರು. ದನಿಗೆ ಜೀವ ಬಂದಿತ್ತು. "ಅಂಪೈರು ಸೋಲಿಸಿದ್ದು. ಕೊನೆಯ ಪೆನಾಲ್ಟಿ ಸ್ಟ್ರೋಕ್ ಹೊಡೆದದ್ದು ನಾನೇ. ಅದು ಗೋಲು."

"ನೋ ಗೋಲ್, ಸರ್."

"ನಿನಗೆ ಹೇಗೆ ಗೊತ್ತು?"

"ಗೋಲ್‌ಕೀಪರ್ ನಾನೇ, ಸರ್."

ಹೆಲ್ಮೆಟ್ಟಿನೊಳಗಿದ್ದ ಮುಖವನ್ನು ಅವರು ಆವತ್ತು ನೋಡಿರಲಿಲ್ಲ, ಈಗ ನೋಡಿದರು. ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಆಮೇಲೆ ಶುರುವಾಯ್ತು ನೋಡಿ. ಚೆಂಡು ಗೆರೆ ದಾಟಿತ್ತು ಅಂತ ಅವರು. ಪೂರ್ತಿ ಚೆಂಡು ಪೂರ್ತಿ ಗೆರೆ ದಾಟಬೇಕು, ಅರ್ಧ ದಾಟಿದರೆ ಗೋಲಲ್ಲ ಅಂತ ಇವಳು. ಎಡಗಾಲು ಎಲ್ಲಿತ್ತು, ಪ್ಯಾಡಿಗೆ ಚೆಂಡು ಎಲ್ಲಿ ತಾಗಿತು, ಅಂಪೈರ್ ಎಲ್ಲಿ ನಿಂತಿದ್ದರು, ಒಂದನ್ನೂ ಬಿಡಲಿಲ್ಲ. ನಾನು ವರ್ಷವಿಡೀ ಬೋರ್ಡಿನ ಮೇಲೆ ಬರೆದು ಬರೆದು ಕಲಿಸಿದ ಮಾತೆಲ್ಲ ಒಂದೊಂದಾಗಿ ಹೊರಗೆ ಬಂತು. "ಫಸ್ಟ್ಲಿ, ಸರ್, ಯುವರ್ ಆ್ಯಂಗಲ್ ವಾಸ್ ರಾಂಗ್. ಸೆಕೆಂಡ್ಲಿ, ಸರ್, ಐ ವಾಸ್ ಆನ್ ದ ಲೈನ್. ಆನ್ ದ ಅದರ್ ಹ್ಯಾಂಡ್, ಸರ್, ಯುವರ್ ಶಾಟ್ ವಾಸ್ ಆಲ್ಸೋ ವೀಕ್."

ಅಭಿಪ್ರಾಯ, ಕಾರಣ, ಉದಾಹರಣೆ, ಎಲ್ಲ ಬಂತು. ನನಗೆ ಅಳುವೋ ನಗುವೋ ತಿಳಿಯಲಿಲ್ಲ. ವಾಚು ನೋಡಿದೆ, ಎರಡು ನಿಮಿಷ ಎಂದೋ ಆಗಿತ್ತು. ತಟ್ಟಲಿಕ್ಕೆ ಎತ್ತಿದ ಕೈ ಹಾಗೇ ಇಳಿಸಿದೆ. ವರ್ಷವಿಡೀ ಕಾದು ಬಂದ ಮಾತು, ನಾನು ತಟ್ಟಿ ನಿಲ್ಲಿಸ್ತೀನಾ?

ಅಟೆಂಡರ್ ಓಡಿ ಬಂದ. "ಮೇಡಂ, ಒಳಗೆ ಗಲಾಟೆ ಆಗ್ತಾ ಉಂಟು. ಪ್ರಿನ್ಸಿಪಾಲರನ್ನ ಕರೀಲಾ?"

"ಸುಮ್ಮನಿರಪ್ಪ, ಪರೀಕ್ಷೆ ನಡೀತಾ ಇದೆ" ಅಂದೆ.

ಒಳಗೆ ದನಿ ತಗ್ಗಿದ ಮೇಲೆ ಮೆಲ್ಲಗೆ ಬಾಗಿಲು ತಳ್ಳಿದೆ. ಇಬ್ಬರೂ ಎದ್ದು ನಿಂತು ಮೇಜಿನ ಮೇಲೆ ಬಗ್ಗಿದ್ದರು. ಸ್ಕೇಲು ಗೋಲಿನ ಗೆರೆಯಾಗಿತ್ತು, ಚಾಕ್‌ಪೀಸು ಚೆಂಡಾಗಿತ್ತು, ಡಸ್ಟರು ಅವಳ ಎಡಗಾಲು. ಅವರು ಚಾಕ್‌ಪೀಸನ್ನು ಸ್ಕೇಲಿನ ಆಚೆಗೆ ತಳ್ಳುತ್ತಿದ್ದರು, ಇವಳು ಈಚೆಗೆ ಎಳೆಯುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಅವರು ಕೂತು ಗಂಟಲು ಸರಿಮಾಡಿಕೊಂಡು, "ಥ್ಯಾಂಕ್ಯೂ, ದಟ್ಸ್ ದ ಎಂಡ್ ಆಫ್ ದ ಟೆಸ್ಟ್" ಅಂದರು.

ಹೊರಗೆ ಬಂದ ಮೇಲೆ ಅವಳ ಮುಖ ಬಿಳಿಚಿಕೊಂಡಿತು. ಏನು ಮಾಡಿದೆ ಅಂತ ಆಗ ಗೊತ್ತಾಯ್ತು ಅಂತ ಕಾಣುತ್ತೆ. "ಮ್ಯಾಮ್, ಹೋಯ್ತು. ದೊಡ್ಡವರಿಗೆ ಎದುರು ಮಾತಾಡಿಬಿಟ್ಟೆ. ಅವರ ಶಾಟ್ ವೀಕ್ ಅಂದುಬಿಟ್ಟೆ. ಇನ್ನು ಕೋಚೂ ಇಲ್ಲ, ಎಂತದೂ ಇಲ್ಲ." ಕಣ್ಣಲ್ಲಿ ನೀರು ತುಂಬಿಕೊಂಡಳು. ನಾನು ಸಮಾಧಾನ ಮಾಡಿದೆ. ಆದರೆ ನನಗೂ ಭಯವೇ. ಗೋಲಿನ ಸಿಟ್ಟು ಮಾರ್ಕ್ಸಿನ ಮೇಲೆ ಹೋದರೆ ಯಾರಿಗೆ ಹೇಳೋದು?

ಸಂಜೆ ಅವರು ಕಾರು ಹತ್ತಿದರು. ನಾನು ಹತ್ತಿರ ಹೋಗಿ ನಿಂತೆ, ಏನು ಕೇಳಬೇಕು ತಿಳಿಯದೆ. ಅವರೇ ಗಾಜು ಇಳಿಸಿದರು.

"ಮಾರ್ಕ್ಸು ಹೇಳೋ ಹಾಗಿಲ್ಲ ಮೇಡಂ."

"ಗೊತ್ತು ಸರ್."

"ಆದ್ರೆ ಒಂದು ಮಾತು ಅವಳಿಗೆ ಹೇಳಿಬಿಡಿ." ಗಾಜು ಅರ್ಧ ಏರಿಸಿದರು. "ಅದು ಗೋಲೇ."

ಫಲಿತಾಂಶ ಬರುವ ತನಕ ಆ ಹುಡುಗಿ ಸರಿಯಾಗಿ ಊಟ ಮಾಡಲಿಲ್ಲ ಅಂತ ಹಾಸ್ಟೆಲಿನವರು ಹೇಳುತ್ತಿದ್ದರು. ಬಂತು. ನಾಲ್ಕರಲ್ಲೂ ಪಾಸು. ಮಾತಾಡೋದರಲ್ಲಿ ನಮ್ಮ ಕಾಲೇಜಿಗೇ ಮೊದಲು. ರೆಕಾರ್ಡಿಂಗ್ ಕೇಳಿದ ವಿಶ್ವವಿದ್ಯಾಲಯದವರು ಪ್ರಿನ್ಸಿಪಾಲರಿಗೆ ಫೋನ್ ಮಾಡಿ, ಹುಡುಗಿಯ ಇಂಗ್ಲಿಷು ಬಹಳ ಚೆನ್ನಾಗಿದೆ, ಆದರೆ ಇಬ್ಬರಲ್ಲಿ ಪರೀಕ್ಷೆ ಮಾಡಿದವರು ಯಾರು ಅಂತ ತಿಳಿಯಲಿಲ್ಲ ಅಂದರಂತೆ.

ಅವಳು ಸ್ಟಾಫ್ ರೂಮಿಗೆ ಓಡಿ ಬಂದು ನನ್ನ ಕಾಲು ಮುಟ್ಟಿದಳು. ಎಬ್ಬಿಸಿ ತಬ್ಬಿಕೊಂಡೆ. ಆ ವರ್ಷ ನನಗೆ ಅಷ್ಟು ಖುಷಿ ಇನ್ನೊಂದು ದಿನ ಆಗಲಿಲ್ಲ. ಮಗು ಕೋಚ್ ಆಗ್ತಾಳೆ, ಇನ್ನೇನು ಬೇಕು? ಆ ಸಂತೋಷದಲ್ಲೇ ಪರೀಕ್ಷಕರು ಕಾರಿನಿಂದ ಹೇಳಿ ಹೋದ ಮಾತನ್ನೂ ಹೇಳಿಬಿಟ್ಟೆ.

ಅವಳ ಮುಖದ ನಗು ನಿಂತಿತು.

"ಮ್ಯಾಮ್, ಮರುಮೌಲ್ಯಮಾಪನಕ್ಕೆ ಹಾಕಬಹುದಾ?"

"ಎಲ್ಲದರಲ್ಲೂ ಪಾಸಾಗಿದ್ದೀಯಲ್ಲೇ, ಮಾತಾಡೋದರಲ್ಲಿ ಕಾಲೇಜಿಗೇ ಮೊದಲು. ಇನ್ನೆಂಥ ಮರುಮೌಲ್ಯಮಾಪನ?"

"ಮಾರ್ಕ್ಸಿಗಲ್ಲ ಮ್ಯಾಮ್" ಅಂದಳು. "ಆ ಗೋಲಿಗೆ."